ಬಗ್ಗದ ಬೀದಿ

ಒಂದು ಊರಿತ್ತು. ಅದಕ್ಕೊಂದು ಹೆಸರೂ ಇತ್ತು. ಆದರೆ ಹೆಸರು ಬರೆದ ಹಲಗೆ ಮೂರು ವರ್ಷದ ಹಿಂದೆ ಗಾಳಿಗೆ ಕಳಚಿ ಬೋರಲು ಬಿದ್ದಿತ್ತು, ಅದನ್ನು ಎತ್ತಿ ಮಗುಚುವವರು ಇರಲಿಲ್ಲ. ಕೈಕಾಲು ಬಿದ್ದುಹೋದ ಜನರೇನಲ್ಲ. ಆ ಊರಿಗೆ ಇದ್ದದ್ದು ಒಂದೇ ಬೀದಿ, ಆ ಬೀದಿಗೆ ಇದ್ದದ್ದು ಒಂದೇ ಕಟ್ಟಳೆ. ಒಬ್ಬರ ಕಣ್ಣು ಮಾಯುವ ತನಕ ಉಳಿದವರು ಯಾರೂ ಬಗ್ಗಬಾರದು.

ಕಟ್ಟಳೆ ಹುಟ್ಟಿದ್ದು ಹೀಗೆ. ಹೊಳೆಯಾಚೆಯಿಂದ ಒಬ್ಬರು ಕಣ್ಣಿನ ಡಾಕ್ಟರು ಬರುತ್ತಿದ್ದರು. ಪೊರೆ ಬಂದ ಕಣ್ಣಿಗೆ ಆಪರೇಷನ್ ಮಾಡಿ, ಹತ್ತಿ ಇಟ್ಟು, ಪಟ್ಟಿ ಅಂಟಿಸಿ, ಹೊರಡುವಾಗ ಹೇಳುತ್ತಿದ್ದರು. “ನಲವತ್ತು ದಿನ ಬಗ್ಗಬೇಡಿ. ಭಾರ ಎತ್ತಬೇಡಿ. ತಲೆಗೆ ನೀರು ಬೇಡ. ಎಷ್ಟು ತುರಿಸಿದರೂ ಉಜ್ಜಬೇಡಿ. ಜೋರಾಗಿ ಸೀನಬೇಡಿ.” ಇದನ್ನು ಅವರು ಹೇಳುತ್ತಿದ್ದದ್ದು ಹಾಸಿಗೆಯಲ್ಲಿ ಮಲಗಿದ ಒಬ್ಬರಿಗೆ. ಆದರೆ ಮೊದಲ ಸಲ ಹಾಗೆ ಮಲಗಿದವಳು ಬೀದಿಯ ಯಜಮಾನರ ತಾಯಿ. ಭಾರ, ನೀರು, ಸೀನು, ಇವನ್ನೆಲ್ಲ ಆಕೆ ಹೇಗೋ ಸಹಿಸಿಕೊಂಡಳು. ಬಗ್ಗುವುದೊಂದನ್ನು ಸಹಿಸಲಿಲ್ಲ.

“ನಾನಿಲ್ಲಿ ಕಂಬದ ಹಾಗೆ ನಿಂತಿದ್ದೇನೆ. ನನ್ನೆದುರಿಗೇ ಬಗ್ಗಿ ಬಗ್ಗಿ ತೋರಿಸುತ್ತೀರಾ?” ಎಂದಳು.

ಮನೆಯವರು ನಾಚಿ ನೆಟ್ಟಗಾದರು. ಅವರನ್ನು ನೋಡಿ ನೆರೆಯವರು ನೆಟ್ಟಗಾದರು. ನಾಚಿಕೆ ಪ್ರೀತಿಯಾಯಿತು, ಪ್ರೀತಿ ಪದ್ಧತಿಯಾಯಿತು, ಪದ್ಧತಿ ಹೆದರಿಕೆಯಾಯಿತು. ಬೀದಿಯಲ್ಲಿ ಒಬ್ಬರು ಬಗ್ಗಿದರೂ ಮಾಯುವ ಕಣ್ಣಿನ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂದು ಎಲ್ಲರೂ ನಂಬಿದರು. ಡಾಕ್ಟರು ಪ್ರತಿ ಸಲವೂ, “ಅಯ್ಯಾ, ನಾನು ಹೇಳಿದ್ದು ಅವರೊಬ್ಬರಿಗೆ,” ಎನ್ನುತ್ತಿದ್ದರು. “ದೊಡ್ಡ ಮನುಷ್ಯರು, ಹಾಗೇ ಹೇಳುತ್ತಾರೆ,” ಎಂದು ಬೀದಿ ಕೈಮುಗಿಯುತ್ತಿತ್ತು. ನೆಟ್ಟಗೆ ನಿಂತುಕೊಂಡೇ.

ಬಗ್ಗದೆ ಬಾಳುವುದನ್ನು ಜನ ಕಲಿತರು. ಒಲೆಗಳನ್ನು ಎದೆಯೆತ್ತರಕ್ಕೆ ಕಟ್ಟಿದರು. ಹೆಂಗಸರು ನಿಂತಲ್ಲಿಂದಲೇ ರಂಗೋಲಿ ಸುರಿದರು. ನವಿಲು ಬಿಡಿಸಲು ಹೊರಟರೆ ಹಿಟ್ಟಿನ ಮೂಟೆ ಒಡೆದಂತೆ ಕಾಣುತ್ತಿತ್ತು, ಅದನ್ನೇ ನವಿಲು ಎಂದರು. ಮದುವೆಯಲ್ಲಿ ಹಿರಿಯರು ಮೇಜಿನ ಮೇಲೆ ಹತ್ತಿ ನಿಂತರು, ಮದುಮಕ್ಕಳು ಎದುರಿಗೆ ಬಂದ ಪಾದಗಳನ್ನು ಮುಟ್ಟಿ ನಮಸ್ಕಾರ ಮಾಡಿದರು. ಕುಕ್ಕರಗಾಲಲ್ಲಿ ಕೂರಬಹುದೇ ಎಂದು ಯಾರೋ ಕೇಳಿದ್ದಕ್ಕೆ ಯಜಮಾನರು, “ಬಗ್ಗದೆ ನೆಲಕ್ಕೆ ಹೋದವರು ಹೆಣವಾದವರು ಮಾತ್ರ. ನೆಲಕ್ಕೆ ಕೂರುವುದೂ ಬಗ್ಗುವುದೇ,” ಎಂದು ತೀರ್ಮಾನ ಕೊಟ್ಟರು. ಕೆಳಗೆ ಬಿದ್ದದ್ದನ್ನು ಉದ್ದ ಹಿಡಿಯ ಪೊರಕೆಯಿಂದ ಗೋಡೆಗೆ ಒತ್ತರಿಸಿ, “ಮೊಣಕಾಲಿನ ಕೆಳಗಿನದು ನಮ್ಮದಲ್ಲ,” ಎಂದು ಹೇಳಿ ಮುಂದೆ ಹೋಗುವುದು ರೂಢಿಯಾಯಿತು. ಬೀಗದ ಕೈ ಬಿದ್ದರೆ ನಮ್ಮದಲ್ಲ. ಒಂಟಿ ಓಲೆ ಬಿದ್ದರೆ ನಮ್ಮದಲ್ಲ. ಕಣ್ಣು ಮಾಯ್ದ ದಿನ ಎಲ್ಲರೂ ಒಟ್ಟಿಗೆ ಬಗ್ಗಿ ಅವರವರದನ್ನು ಎತ್ತಿಕೊಳ್ಳುವುದೂ ಇತ್ತು. ಆದರೆ ಆ ದಿನ ಬಂದು ಮೂರು ವರ್ಷವಾಗಿತ್ತು. ಬೀದಿಗೆ ವಯಸ್ಸಾಗಿತ್ತಲ್ಲ, ಒಬ್ಬರ ನಲವತ್ತು ದಿನ ಮುಗಿಯುವ ಬೆಳಿಗ್ಗೆಯೇ ಇನ್ನೊಬ್ಬರು ಹೋಗಿ ಮಲಗುತ್ತಿದ್ದರು.

ಈ ಬೀದಿಗೆ ಎರಡು ವರ್ಷದ ಹಿಂದೆ ಸೊಸೆಯಾಗಿ ಬಂದವಳು ಬಗ್ಗುವ ಊರಿನವಳು. ಬಂದ ದಿನ ಅವಳು ಬಲಗಾಲಿಂದ ಒದ್ದ ಅಕ್ಕಿಯ ಸೇರು ಇನ್ನೂ ಹೊಸ್ತಿಲ ಒಳಗೆ ಮಗ್ಗುಲಾಗಿ ಬಿದ್ದಿತ್ತು. ಅಕ್ಕಿಯನ್ನು ಗುಬ್ಬಿಗಳು ತಿಂದು ಮರಿ ಮಾಡಿ ಹಾರಿಸಿದ್ದವು. ದಿನಾ ಆ ಸೇರನ್ನು ದಾಟುವಾಗ ಸೊಸೆ, “ಲಕ್ಷ್ಮಿ ಬಂದಳು, ನಡ ನೆಟ್ಟಗೆ ಮಾಡಿಕೊಂಡಳು,” ಎಂದು ಗೊಣಗುತ್ತಿದ್ದಳು. ಅವಳ ನಾಲಿಗೆ ಬಗ್ಗುವ ಊರಿನದಲ್ಲ.

ಮನೆಯಲ್ಲಿ ಅತ್ತೆ, ಗಂಡ, ತೊಟ್ಟಿಲಲ್ಲಿ ಒಂಬತ್ತು ತಿಂಗಳಿಗೆ ಬಿದ್ದ ಹೆಣ್ಣು ಮಗು. ಇವರ ಜೊತೆಗೆ ಒಬ್ಬಳು ಹೂವಾಡಗಿತ್ತಿ. ಆಕೆ ಮನೆಯವಳಲ್ಲ, ಅತ್ತೆಯ ಎಡಗೈಗೆ ಸೇರಿದವಳು.

ಅದರ ಕಥೆ ಇಷ್ಟು. ಮೂರು ವರ್ಷದ ಹಿಂದೆ ಅತ್ತೆಯ ಎಡಗಣ್ಣಿಗೆ ಆಪರೇಷನ್ ಆಗಿತ್ತು. ಐದನೆಯ ದಿನ ಆ ಕಣ್ಣು ಕೆಂಪಾಯಿತು, ಹತ್ತನೆಯ ದಿನ ಕತ್ತಲಾಯಿತು. ಯಾರು ಬಗ್ಗಿದ್ದು ಎಂದು ಬೀದಿ ಹುಡುಕಿತು. ಬಾವಿಕಟ್ಟೆಯ ಹತ್ತಿರ ಹೂವಾಡಗಿತ್ತಿಯ ಮಲ್ಲಿಗೆ ದಂಡೆ ಜಾರಿ ಬಿದ್ದಿತ್ತು. ಅವಳ ಬೆನ್ನು ಒಂದಿಷ್ಟು ಬಾಗಿದ್ದನ್ನು ಇಬ್ಬರು ಕಂಡಿದ್ದರು. ದಂಡೆ ಅಲ್ಲೇ ಬಿದ್ದಿತ್ತು, ಆದರೂ ಬಾಗಿದ್ದು ಬಾಗಿದ್ದೇ. ಬಗ್ಗಿ ಕಣ್ಣು ಕಳೆದವರು ಬದುಕಿರುವ ತನಕ ಆ ಕಣ್ಣಾಗಿ ಕೈಹಿಡಿದು ನಡೆಸಬೇಕು ಎಂಬುದು ತೀರ್ಪು. ಅಂದಿನಿಂದ ಆಕೆಯ ಬಲಗೈ ಅತ್ತೆಯ ಎಡಗೈಯಲ್ಲಿ. ಒಂದೇ ಕೈಯಲ್ಲಿ ಹೂ ಕಟ್ಟಲು ಯಾರಿಗಾದರೂ ಬರುತ್ತದೆಯೇ? ಬುಟ್ಟಿ ಒಣಗಿತು.

“ಅಮ್ಮಾವ್ರ ಕೈ ಬಹಳ ಬೆವರುತ್ತದೆ ಕಣವ್ವ,” ಎಂದು ಆಕೆ ಸೊಸೆಗೆ ಹೇಳುತ್ತಿದ್ದಳು. “ನನ್ನ ಕೈ ನೆನೆಹಾಕಿದ ಅವಲಕ್ಕಿ ಆಗಿದೆ.”

“ನನಗೆ ಕಿವಿ ಕೇಳಿಸುತ್ತದೆ,” ಎನ್ನುತ್ತಿದ್ದಳು ಅತ್ತೆ.

“ಕೇಳಿಸಲಿ ಅಂತಲೇ ಹೇಳಿದ್ದು ಅಮ್ಮಾವ್ರೇ.”

ಈಗ ಅತ್ತೆಯ ಬಲಗಣ್ಣಿನ ಸರದಿ. ಉಳಿದದ್ದು ಅದೊಂದೇ. ಡಾಕ್ಟರು ಬಂದರು, ಪೊರೆ ತೆಗೆದರು, ಪಟ್ಟಿ ಕಟ್ಟಿದರು. ಮರುದಿನ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಹಾಕಿ ಹೇಳಿದರು, “ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತದೆ. ನೀರು ಸುರಿಯುತ್ತದೆ. ದೀಪದ ಸುತ್ತ ಬಳೆ ಕಾಣುತ್ತದೆ. ಮೊದಲು ಎಲ್ಲ ಮಸುಕು, ಆಮೇಲೆ ದಿನದಿನಕ್ಕೆ ತಿಳಿಯಾಗುತ್ತದೆ. ಹೆದರಬೇಡಿ. ಹನಿ ತಪ್ಪಿಸಬೇಡಿ.”

ಮರುದಿನ ಬೀದಿಗೆ ಬೀದಿಯೇ ಕಣ್ಣಲ್ಲಿ ಮರಳು ಬಿದ್ದಿದೆ ಎಂದಿತು. ಎದುರು ಮನೆಯವಳಿಗೆ ಒಂದು ಹಿಡಿ ಬಿದ್ದಿದ್ದರೆ ಪಕ್ಕದ ಮನೆಯವಳಿಗೆ ಒಂದು ಬುಟ್ಟಿ. ಯಜಮಾನರು ದೀಪದ ಸುತ್ತ ಏಳು ಬಳೆ ಕಂಡರು. “ನನಗೆ ಎರಡೇ ಕಂಡದ್ದು,” ಎಂದಳು ಅತ್ತೆ ಬೇಸರದಿಂದ.

ಸೊಸೆ ದಿನಕ್ಕೆ ನಾಲ್ಕು ಸಲ ಹನಿ ಹಾಕಿದಳು. ಕೆಳರೆಪ್ಪೆ ಎಳೆದು, ಒಂದು ಹನಿ ಬಿಟ್ಟು, ಹತ್ತು ಎಣಿಸಿ, ಕೆನ್ನೆ ಒರೆಸಿದಳು. ಹೀಗೆ ಹದಿನೆಂಟು ದಿನ ಕಳೆಯಿತು. ಹತ್ತೊಂಬತ್ತನೆಯ ದಿನ ಎತ್ತರದ ಮಣೆಯ ಮೇಲೆ ಕೂತು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಮಗು ಜಾರಿತು. ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿಂದ ಪಾದಕ್ಕೆ ಜಾರಿ ನೆಲದ ಮೇಲೆ ಕುಳಿತಿತು. ಅಳಲಿಲ್ಲ. ನೆಲವನ್ನು ಎರಡೂ ಕೈಯಿಂದ ತಟ್ಟಿ ನೋಡಿತು.

ಸೊಸೆಯ ಬೆನ್ನು ಬಾಗಲು ಹೊರಟಿತು.

“ಬಗ್ಗಬೇಡ,” ಎಂದಳು ಅತ್ತೆ. ಶಬ್ದದಿಂದಲೇ ಅವಳಿಗೆ ಎಲ್ಲ ತಿಳಿದಿತ್ತು. “ನನಗಿರುವುದು ಒಂದೇ ಕಣ್ಣು ಕಣೇ.”

ಸೊಸೆ ನಿಂತಳು. ಅದೂ ನಿಜವೇ. ಒಂದು ಕಣ್ಣು ಮೇಲೆ, ಒಂದು ಕೂಸು ಕೆಳಗೆ, ನಡುವೆ ಅವಳ ನಡು.

ಗಂಡ ಬಂದ. ಅವನು ಬೀದಿಗೆಲ್ಲ ಉದ್ದ ಹಿಡಿಯ ಇಕ್ಕಳ, ಸೌಟು ಮಾಡಿಕೊಡುವವನು. ತಲೆ ಕೆರೆದುಕೊಂಡು, “ದೊಡ್ಡ ಇಕ್ಕಳ ಒಂದಿದೆ,” ಎಂದ.

“ನಿಮ್ಮ ಮಗಳೇನು ಕೆಂಡವೇ?” ಎಂದಳು ಸೊಸೆ.

ಅವನು ಬಾವಿಯ ಕೊಡಪಾನಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟ. “ಕೂತುಕೋ ಚಿನ್ನ, ಒಳಗೆ ಕೂತುಕೋ.” ಮಗು ಕೊಡಪಾನದ ಒಳಗೆ ನೋಡಿತು. ಹತ್ತಿರ ಬಿದ್ದಿದ್ದ ಒಂದು ಚಮಚ ತೆಗೆದು ಅದರೊಳಗೆ ಹಾಕಿತು. ಅವನು ಹಗ್ಗ ಎಳೆದ. ಚಮಚ ಬಂತು. ಮತ್ತೆ ಇಳಿಬಿಟ್ಟ. ಬೀಗದ ಕೈ ಬಂತು. ಮತ್ತೆ ಇಳಿಬಿಟ್ಟ. ಸೊಸೆಯ ತವರಿನ ಕುಂಕುಮದ ಭರಣಿ ಬಂತು. ಮಗು ಮಾತ್ರ ಬರಲಿಲ್ಲ.

ಕೊಡಪಾನದಲ್ಲಿ ಬೀಗದ ಕೈ ಬಂದ ಸುದ್ದಿ ಬೀದಿಗೆ ಹರಡಲು ಎಷ್ಟು ಹೊತ್ತು ಬೇಕು? ಎದುರು ಮನೆಯವಳು ಬಾಗಿಲಿಗೆ ಬಂದಳು. “ನಿನ್ನ ಮಗು ಹೇಗೂ ಕೆಳಗಿದೆಯಲ್ಲ. ನಮ್ಮ ನಡುಮನೆಗೆ ಒಂದು ಗಳಿಗೆ ಕಳಿಸಮ್ಮ. ನನ್ನ ಓಲೆ ಬಿದ್ದು ಎರಡು ವರ್ಷವಾಯಿತು.” ಹಿಂದೆಯೇ ಪಕ್ಕದ ಮನೆಯವಳು ಬಂದಳು. ಆಮೇಲೆ ಯಜಮಾನರೇ ಬಂದರು, ಅವರ ಹಲ್ಲಿನ ಸೆಟ್ಟು ಮಂಚದ ಕೆಳಗಿತ್ತು.

ಹೀಗೆ ಮಗು ಬೀದಿಯ ಕೈಯಾಯಿತು. ಮೊಣಕಾಲಿನ ಕೆಳಗಿನದೆಲ್ಲ ಅದರದಾಯಿತು. ಅಂಬೆಗಾಲಿಡುತ್ತ ಮನೆಯಿಂದ ಮನೆಗೆ ಹೋಯಿತು, ಎಲ್ಲರೂ ನೆಟ್ಟಗೆ ನಿಂತು ಅದಕ್ಕೆ ದಾರಿ ಬಿಟ್ಟರು. ಹೋದಲ್ಲೆಲ್ಲ ಮೇಲಿಂದ ಕೊಡಪಾನ ಇಳಿಯಿತು. ಮಗು ತನಗೆ ಬೇಡದ್ದನ್ನು ಅದರಲ್ಲಿ ಹಾಕಿತು, ಬೇಕಾದ್ದನ್ನು ಬಾಯಲ್ಲಿ ಹಾಕಿತು. “ಎಂಥ ಭಾಗ್ಯವಂತೆ, ಒಳ್ಳೆಯ ಕಾಲಕ್ಕೆ ಜಾರಿದಳು,” ಎಂದು ಹೆಂಗಸರು ದೃಷ್ಟಿ ತೆಗೆದರು. ಮೆಣಸಿನಕಾಯಿ ಕೆಳಗೆ ಬಿತ್ತು. ಮಗು ಅದನ್ನೂ ಹುಡುಕಿ ಕೊಟ್ಟಿತು.

ಸೊಸೆ ಎಲ್ಲರ ಹಿಂದೆ ನಡೆದಳು. ಉದ್ದ ಹಿಡಿಯ ಸೌಟಿನಲ್ಲಿ ರಾಗಿ ಗಂಜಿ ಇಳಿಸಿದಳು, ಮಗು ಗುಬ್ಬಿ ಮರಿಯ ಹಾಗೆ ಬಾಯಿ ತೆರೆಯಿತು. ನಿಂತಲ್ಲಿಂದಲೇ ಚೊಂಬಿನಲ್ಲಿ ನೀರು ಹೊಯ್ದಳು, ಅದು ಸ್ನಾನವಾಯಿತು. ಎದೆಯ ಹಾಲು ಕಟ್ಟಿ ಕುಪ್ಪಸ ನೆನೆಯಿತು. ಹಿಂಡಿ ಸೌಟಿಗೆ ಹಾಕಿ ಇಳಿಸಿದಳು. ಸೌಟಿನಿಂದ ಕುಡಿದ ಮಗು ಸೌಟನ್ನು ನೋಡಿ ನಕ್ಕಿತು. ಅವಳನ್ನು ನೋಡಿ ನಗಲಿಲ್ಲ. ಅವಳ ಮುಖ ಅಷ್ಟು ಮೇಲಿತ್ತು.

ಅವತ್ತು ಸೊಸೆ ಯಜಮಾನರ ಮನೆಗೆ ಹೋಗಿ ಕೇಳಿದಳು. “ಅತ್ತೆಯ ನಲವತ್ತು ದಿನ ಮುಗಿದ ಮೇಲೆ ಎತ್ತಿಕೊಳ್ಳಬಹುದಲ್ಲ?”

“ಎತ್ತಿಕೋ ತಾಯಿ. ಯಾರು ಬೇಡ ಅಂದರು? ಆದರೆ ನಲವತ್ತೊಂದನೆಯ ದಿನ ಬೆಳಿಗ್ಗೆ ನನ್ನ ಕಣ್ಣು.”

“ಆಮೇಲೆ?”

“ಆಮೇಲೆ ನನ್ನವಳದು. ಆಮೇಲೆ ನನ್ನ ಇನ್ನೊಂದು ಕಣ್ಣು. ದೇವರು ಎಲ್ಲರಿಗೂ ಎರಡೆರಡು ಕೊಟ್ಟಿದ್ದಾನಲ್ಲ.”

“ಹಾಗಾದರೆ ನನ್ನ ಮಗಳು ಮೇಲೆ ಬರುವುದು ಯಾವಾಗ?”

ಯಜಮಾನರು ಸೊಸೆಯ ತಲೆಯ ಮೇಲೆ ಕೈಯಿಟ್ಟರು. “ನಡೆಯಲು ಕಲಿತಾಗ ತಾನೇ ಮೇಲೆ ಬರುತ್ತಾಳೆ. ನಾವೆಲ್ಲ ಹಾಗೇ ಬಂದವರು.” ಅವರ ಬಾಯಲ್ಲಿ ಹಲ್ಲಿನ ಸೆಟ್ಟು ಹೊಸದಾಗಿ ಹೊಳೆಯುತ್ತಿತ್ತು.

ಸೊಸೆ ಮನೆಗೆ ಬಂದು ಹನಿ ಹಾಕುತ್ತ ಅತ್ತೆಯ ಕಣ್ಣನ್ನು ನೋಡಿದಳು. ಕಣ್ಣು ತಿಳಿಯಾಗುತ್ತಿತ್ತು. ಕೆಂಪು ಇಳಿದು, ಪಾಪೆ ಹೊಳೆಯುತ್ತಿತ್ತು. ತನ್ನ ನಡುವಿನ ಮೇಲೆ ಈ ಕಣ್ಣು ನಿಂತಿದೆ ಎಂದುಕೊಂಡಳು. ಬಗ್ಗಿದರೆ ಇದು ಹೋಗುತ್ತದೆ. ಇದು ಹೋದರೆ ತನ್ನ ಕೈ ಅತ್ತೆಯ ಬಲಗೈಗೆ ಹೋಗುತ್ತದೆ. ಆಮೇಲೆ ಒಂದೇ ಕೈಯಲ್ಲಿ ಮಗುವನ್ನು ಎತ್ತುವುದು ಹೇಗೆ? ಹತ್ತು ಎಣಿಸಿದಳು, ಕೆನ್ನೆ ಒರೆಸಿದಳು.

“ಏನೇ, ಇನ್ನೂ ಎಣಿಸುತ್ತಿದ್ದೀಯಲ್ಲ,” ಎಂದಳು ಅತ್ತೆ.

“ಎಣಿಸುವುದಕ್ಕೆ ಬಗ್ಗಬೇಕಾಗಿಲ್ಲ ಅತ್ತೆ.”

ಮೂವತ್ತಾರನೆಯ ದಿನ, ಊಟವಾಗಿ ಬೀದಿ ಆಕಳಿಸುವ ಹೊತ್ತು. ಅತ್ತೆ ಮಂಚದ ಮೇಲೆ ಕೂತಿದ್ದಳು, ಪಕ್ಕದಲ್ಲಿ ಹೂವಾಡಗಿತ್ತಿ ಕೈ ಕೊಟ್ಟುಕೊಂಡು ಕೂತಿದ್ದಳು. ಮಗು ಅತ್ತೆಯ ಮಂಚದ ಕೆಳಗೆ ನುಗ್ಗಿತು. ಪೊರಕೆಯೂ ಹೋಗದ ಮೂಲೆ ಅದು. ಒಳಗೆ ಏನೋ ಕಟಕಟ ಅಂದಿತು. ಮಗು ಹಿಂದುಹಿಂದಾಗಿ ಹೊರಗೆ ಬಂದಾಗ ಅದರ ಕೈಯಲ್ಲಿ ಹಿತ್ತಾಳೆಯ ಒಂದು ಪುಟ್ಟ ಡಬ್ಬಿ ಇತ್ತು.

“ಅದೇನು ಶಬ್ದ?” ಎಂದಳು ಅತ್ತೆ.

ಯಾರೂ ಉತ್ತರ ಕೊಡುವ ಮೊದಲೇ ಮಗು ಡಬ್ಬಿಯನ್ನು ನೆಲಕ್ಕೆ ಕುಟ್ಟಿತು. ಮತ್ತೆ ಕುಟ್ಟಿತು. ಮುಚ್ಚಳ ಹಾರಿತು. ಮೂರು ವರ್ಷ ಬಿಗಿಯಾಗಿ ಮುಚ್ಚಿಟ್ಟ ನಶ್ಯ ಒಂದೇ ಸಲ ಮಗುವಿನ ಮುಖಕ್ಕೆ ಎದ್ದಿತು.

ಮಗು ಸೀನಿತು. ಎರಡನೆಯ ಸಲ ಸೀನಿತು. ಏಳು, ಎಂಟು, ಒಂಬತ್ತು. ನಡುವೆ ಉಸಿರು ಎಳೆಯಲು ಬಿಡುವಾಗದೆ ಬಾಯಿ ತೆರೆದುಕೊಂಡೇ ಉಳಿಯಿತು. ಮುಖ ಕೆಂಪಾಗಿ, ನೇರಳೆಯಾಗಿ, ದನಿಯೇ ಹೊರಡಲಿಲ್ಲ. ನೆಲದ ಮೇಲೆ ಮಗ್ಗುಲಾಗಿ ಕೈಯಾಡಿಸಿತು. ಚಮಚ ಹುಡುಕುವ ಕೈಯಲ್ಲ ಅದು.

ಬೀದಿ ಬಾಗಿಲಿಗೆ ಬಂದು ನೆಟ್ಟಗೆ ನಿಂತಿತು. ಗಂಡ ಕೊಡಪಾನ ತಂದ. ಯಜಮಾನರು ಕೈ ಎತ್ತಿದರು.

“ತಾಯಿ, ಬಗ್ಗಬೇಡ. ನಾಲ್ಕೇ ದಿನ.”

“ಆಮೇಲೆ ನಿಮ್ಮ ನಲವತ್ತು,” ಎಂದಳು ಸೊಸೆ.

“ನಿಮ್ಮ ಅತ್ತೆಗೆ ಇರುವುದೊಂದೇ.”

“ನನಗೂ ಇರುವುದೊಂದೇ.”

ಅಷ್ಟು ಹೇಳಿ ಬಗ್ಗಿದಳು. ಮೊದಲು ಕತ್ತು ಬಗ್ಗಿತು. ಆಮೇಲೆ ಬೆನ್ನು ಬಗ್ಗಿತು, ಎರಡು ವರ್ಷ ತೆರೆಯದ ಬಾಗಿಲಿನ ಹಾಗೆ ಕಿರುಗುಟ್ಟಿತು. ಆಮೇಲೆ ಮಂಡಿ ಬಗ್ಗಿತು. ನೆಲ ಮುಖಕ್ಕೆ ಹತ್ತಿರ ಬಂತು, ನೆಲಕ್ಕೆ ನೆಲದ ವಾಸನೆ ಇತ್ತು. ಮಗುವನ್ನು ಎತ್ತಿ ಬೋರಲು ಹಾಕಿಕೊಂಡು ಬೆನ್ನು ತಟ್ಟಿದಳು, ಮೂಗು ಸೀಟಿದಳು, ಸೆರಗಿನಿಂದ ಬಾಯಿ ಒರೆಸಿದಳು. ಒಂದು ಸಲ ತಟ್ಟಿದಳು, ಎರಡು ಸಲ ತಟ್ಟಿದಳು. ಮೂರನೆಯದಕ್ಕೆ ಮಗು ಬಾವಿಕಟ್ಟೆಗೆ ಕೇಳುವ ಹಾಗೆ ಅತ್ತಿತು. ಅವಳು ಎದ್ದು ನಿಂತಾಗ ಮಗು ಸೊಂಟದ ಮೇಲಿತ್ತು. ಜಾರಿದ ದಿನಕ್ಕಿಂತ ಭಾರವಾಗಿತ್ತು.

ಬೀದಿ ಈಗ ಮಗುವನ್ನು ನೋಡುತ್ತಿರಲಿಲ್ಲ, ಅತ್ತೆಯನ್ನು ನೋಡುತ್ತಿತ್ತು. ಅತ್ತೆಯ ಎಡಗೈ ತುಂಬಿತ್ತು. ಬಲಗೈ ಖಾಲಿ ಇತ್ತು. ಎಲ್ಲರ ಕಣ್ಣೂ ಅತ್ತೆಯ ಖಾಲಿ ಕೈಗೆ ಹೋಗಿ, ಅಲ್ಲಿಂದ ಸೊಸೆಯ ಕೈಗೆ ಹೋಗಿ, ಮತ್ತೆ ಹಿಂದಕ್ಕೆ ಬಂದವು.

“ಹೇಳಿಬಿಡಿ ಅಮ್ಮ,” ಎಂದರು ಯಜಮಾನರು. “ಕಣ್ಣು ಹೋಯಿತೇ?”

ಅತ್ತೆ ಕಪ್ಪು ಕನ್ನಡಕ ತೆಗೆದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಬಲಗೈಯನ್ನು ಗಾಳಿಯಲ್ಲಿ ಚಾಚಿದಳು. ಸೊಸೆ ಎರಡೂ ಕೈಯಿಂದ ಮಗುವನ್ನು ಬಿಗಿಹಿಡಿದಳು. ಹೋಯಿತು ಎಂಬ ಒಂದು ಮಾತು ಸಾಕು, ಅತ್ತೆಗೆ ಬದುಕಿರುವ ತನಕ ಕೈಗೊಬ್ಬಳು ಸಿಗುತ್ತಾಳೆ. ಅದನ್ನು ಬೇಡ ಎನ್ನುವ ಅತ್ತೆ ಯಾವ ಊರಲ್ಲಿ ಇದ್ದಾಳೆ?

“ಹತ್ತಿರ ತಾ ಅದನ್ನು,” ಎಂದಳು ಅತ್ತೆ.

ಸೊಸೆ ಮಗುವನ್ನು ಹತ್ತಿರ ತಂದಳು. ಅತ್ತೆ ಮಗುವಿನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಮೂಗಿನ ಮೇಲೆ ನಶ್ಯ ಇದೆ,” ಎಂದಳು. “ಎಡಗಡೆ ಹೊಳ್ಳೆಯ ಹತ್ತಿರ. ಒರೆಸು.”

ಮೊದಲು ಅರ್ಥವಾದದ್ದು ಹೂವಾಡಗಿತ್ತಿಗೆ. ಅವಳ ಕೈ ಅತ್ತೆಯ ಕೈಯೊಳಗೆ ಒಮ್ಮೆ ಅಲುಗಿತು.

“ನನ್ನದೇ ನಶ್ಯ,” ಎಂದಳು ಅತ್ತೆ, ಯಾರನ್ನೂ ನೋಡದೆ. “ಅವತ್ತು ಎಡಗಣ್ಣಿಗೆ ನಾಲ್ಕನೆಯ ದಿನ. ಡಬ್ಬಿ ಮಂಚದ ಹತ್ತಿರ ಬಿದ್ದಿತ್ತು. ನಾಲ್ಕು ದಿನದಿಂದ ಮೂಗಿಗೆ ಏನೂ ಇರಲಿಲ್ಲ. ಯಾರೂ ಇಲ್ಲದ್ದು ನೋಡಿ ಬಗ್ಗಿದೆ. ಒಂದು ಚಿಟಿಕೆ ಏರಿಸಿದೆ. ನಶ್ಯ ಚೆಲ್ಲಬಾರದು ಅಂತ ಮೊದಲು ಮುಚ್ಚಳ ಹಾಕಿದೆ, ಆಮೇಲೆ ಸೀನಿದೆ. ಡಬ್ಬಿ ಕೈಯಿಂದ ಹಾರಿತು. ಕಣ್ಣೂ ಅಲ್ಲೇ ಹಾರಿತು.”

ಬೀದಿ ಹೂವಾಡಗಿತ್ತಿಯ ಕಡೆ ತಿರುಗಿತು.

“ಗೊತ್ತು ಅಮ್ಮಾವ್ರೇ,” ಎಂದಳು ಹೂವಾಡಗಿತ್ತಿ. “ಸೀನು ಬಾವಿಕಟ್ಟೆಗೆ ಕೇಳಿಸಿತ್ತು. ಬೆಚ್ಚಿಬಿದ್ದೇ ನನ್ನ ದಂಡೆ ಜಾರಿದ್ದು.”

“ನಮಗೂ ಕೇಳಿಸಿತ್ತು,” ಎಂದಳು ಎದುರು ಮನೆಯವಳು. “ದೊಡ್ಡವರ ಸೀನು, ನಾವೇನು ಹೇಳುವುದು ಅಂತ ಸುಮ್ಮನಿದ್ದೆವು.” ಪಕ್ಕದ ಮನೆಯವಳಿಗೂ ಕೇಳಿಸಿತ್ತು. ಗಂಡನಿಗೂ ಕೇಳಿಸಿತ್ತು. ಯಜಮಾನರು ತಮ್ಮ ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಸರಿಮಾಡಿಕೊಂಡರು.

ಅತ್ತೆ ಹೂವಾಡಗಿತ್ತಿಯ ಕಡೆ ತಿರುಗಿದಳು. “ಗೊತ್ತಿದ್ದೂ ಮೂರು ವರ್ಷ ನನ್ನ ಕೈ ಹಿಡಿದುಕೊಂಡೆಯಾ?”

“ನಾನೆಲ್ಲಿ ಹಿಡಿದೆ? ಹಿಡಿದದ್ದು ನೀವು. ಬಿಡಿ ಈಗ.”

ಅತ್ತೆಯ ಬೆರಳುಗಳು ಒಂದೊಂದಾಗಿ ಬಿಚ್ಚಿದವು. ಹೂವಾಡಗಿತ್ತಿ ತನ್ನ ಕೈಯನ್ನು ಬಿಸಿಲಿಗೆ ಹಿಡಿದು ನೋಡಿದಳು, ಬೆಳ್ಳಗೆ ಸುಕ್ಕುಗಟ್ಟಿತ್ತು. ಬಾಗಿಲು ದಾಟಿ, ಬಾವಿಕಟ್ಟೆಯ ಹತ್ತಿರ ಹೋಗಿ, ಎಲ್ಲರೂ ನೋಡುತ್ತಿರುವಂತೆ ಬಗ್ಗಿದಳು. ಮೂರು ವರ್ಷದ ಮಲ್ಲಿಗೆಯಲ್ಲಿ ಏನು ಉಳಿದಿರುತ್ತದೆ? ಬಾಳೆಯ ನಾರು ಉಳಿದಿತ್ತು. ಅದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡು ಹಿಂದೆ ನೋಡದೆ ನಡೆದಳು.

ಅವಳ ನಂತರ ಎದುರು ಮನೆಯವಳು ಬಗ್ಗಿದಳು. ಆಮೇಲೆ ಪಕ್ಕದ ಮನೆಯವಳು. ಆಮೇಲೆ ಗಂಡ ಹೊಸ್ತಿಲಲ್ಲಿದ್ದ ಅಕ್ಕಿಯ ಸೇರು ಎತ್ತಿದ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡು ನಿಂತ. ಬೀದಿಯ ಉದ್ದಕ್ಕೂ ಬೆನ್ನುಗಳು ಲಟಲಟ ಅಂದವು. ಯಜಮಾನರು ಅರ್ಧ ಬಗ್ಗಿದರು, ಅಲ್ಲೇ ನಡು ಹಿಡಿದುಕೊಂಡಿತು. ಮೇಲೂ ಇಲ್ಲ ಕೆಳಗೂ ಇಲ್ಲ, ಹಲ್ಲಿನ ಸೆಟ್ಟು ಮತ್ತೆ ನೆಲಕ್ಕೆ ಬಿತ್ತು. ಈ ಸಲ ಅದನ್ನು ಎತ್ತಿಕೊಡುವ ಕೈ ಕೆಳಗಿರಲಿಲ್ಲ.

ಸೊಂಟದ ಮೇಲಿದ್ದ ಮಗು ಇದನ್ನೆಲ್ಲ ನೋಡಿತು. ತನ್ನ ರಾಜ್ಯಕ್ಕೆ ಇಷ್ಟೊಂದು ದೊಡ್ಡ ಕೈಗಳು ನುಗ್ಗಿದ್ದನ್ನು ಕಂಡು ಕೆಳಗಿಳಿಸು ಎಂದು ಕಾಲು ಝಾಡಿಸಿ ಹಟ ಹಿಡಿಯಿತು.

“ಸುಮ್ಮನಿರೇ,” ಎಂದಳು ಸೊಸೆ. “ಹದಿನೇಳು ದಿನದ ಬಾಕಿ ಇದೆ ನನ್ನದು.” ಮಣೆಯ ಮೇಲೆ ಕೂತು ಸೆರಗು ಹೊದಿಸಿದಳು. ಮಗು ಒಂದು ಗಳಿಗೆ ಸೌಟು ಹುಡುಕಿತು. ಆಮೇಲೆ ನೆನಪಾಯಿತು. ಕುಡಿಯುತ್ತ ಕಣ್ಣು ಮೇಲೆತ್ತಿ ಅವಳ ಮುಖ ನೋಡಿತು.

ಎಲ್ಲರೂ ಅವರವರ ನೆಲದಲ್ಲಿ ಮುಳುಗಿದ್ದರು. ಅತ್ತೆ ಮಂಚದಿಂದ ಮೆಲ್ಲಗೆ ಇಳಿದಳು. ಅತ್ತ ಇತ್ತ ನೋಡಿದಳು, ಈಗ ನೋಡಲು ಬರುತ್ತಿತ್ತಲ್ಲ. ಹಿತ್ತಾಳೆಯ ಡಬ್ಬಿ ಕಾಲ ಬುಡದಲ್ಲೇ ಹೊಳೆಯುತ್ತಿತ್ತು, ತಳದಲ್ಲಿ ಒಂದು ಚಿಟಿಕೆಯಷ್ಟು ಉಳಿದೂ ಇತ್ತು. ಅವಳ ಕತ್ತು ಬಗ್ಗತೊಡಗಿತು.

ಸೊಸೆ ಮಗುವನ್ನು ಎದೆಗೆ ಅವುಚಿಕೊಂಡೇ ಎದ್ದು ಬಂದು, ಬಗ್ಗಿ, ಡಬ್ಬಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನೀವು ಬಗ್ಗಬೇಡಿ ಅತ್ತೆ. ಇನ್ನೂ ನಾಲ್ಕು ದಿನ ಇದೆ. ಡಾಕ್ಟರು ಹೇಳಿದ್ದು ನಿಮಗೊಬ್ಬರಿಗೆ.”

ಅತ್ತೆ ಕನ್ನಡಕ ಹಾಕಿಕೊಂಡಳು. ಅವತ್ತು ಇಡೀ ಬೀದಿಯಲ್ಲಿ ನೆಟ್ಟಗೆ ನಿಂತಿದ್ದವಳು ಅವಳೊಬ್ಬಳೇ.